ಗುಂಯ್ ಸದ್ದಿಗೂ ಒಂದು ಊರಿರುತ್ತದೆ

ರಾತ್ರಿ ಒಂಬತ್ತಕ್ಕೆ ನಮ್ಮೂರಿನ ಗೇಟು ಬೀಳುತ್ತದೆ. ವಡೆಯ ಮದ್ದೂರು ಎಂದುಕೊಳ್ಳಬೇಡಿ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ದಾರಿಯಲ್ಲಿ, ಬಂಡೀಪುರದ ಕಾಡಿನ ಅಂಚಿಗೆ ಒಂದು ಮದ್ದೂರಿದೆ. ಚೆಕ್‌ಪೋಸ್ಟಿನಿಂದಾಗಿ ಕೇರಳದ ಲಾರಿಯವರಿಗೆಲ್ಲ ಗೊತ್ತಿರುವ ಮದ್ದೂರು. 2009ರಿಂದ ಈ ಹೆದ್ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರಕ್ಕೆ ತಡೆ. ಆಗ ಅದಕ್ಕೆ 212 ಎಂಬ ನಂಬರು, ಈಗ 766. ತಡೆ ಇರಬೇಕೋ ಬೇಡವೋ ಎಂಬ ಜಗಳ ಎರಡೂ ರಾಜ್ಯಗಳಲ್ಲಿ ಇನ್ನೂ ತಣ್ಣಗಾಗಿಲ್ಲ. ಆನೆ ಜಿಂಕೆಗಳಿಗಾಗಿ ಬಂದ ಈ ನಿಯಮದಿಂದ ನನಗೆ ಮಾತ್ರ ಪುಕ್ಕಟೆ ಲಾಭವಾಗಿದೆ. ತುರ್ತು ವಾಹನ, ಬೆರಳೆಣಿಕೆಯ ಬಸ್ಸು ಬಿಟ್ಟರೆ ಒಂಬತ್ತು ಗಂಟೆ ಕಾಲ ರಸ್ತೆ ಸತ್ತಂತೆ ಮಲಗಿರುತ್ತದೆ. ಪೇಟೆಯ ಸ್ಟುಡಿಯೋದವರು ಗೋಡೆಗೆ ಲಕ್ಷಗಟ್ಟಲೆ ಸುರಿದು ಗಳಿಸುವ ನಿಶ್ಶಬ್ದ ಇಲ್ಲಿ ಸರ್ಕಾರದ ಖರ್ಚಿನಲ್ಲಿ ಸಿಗುತ್ತದೆ. ಆ ಹೊತ್ತಿನಲ್ಲಿ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನಾನು ಹಾಡು ರೆಕಾರ್ಡು ಮಾಡುತ್ತೇನೆ.

ಮೈಸೂರು ಸೀಮೆಯಲ್ಲಿ ಮನೆಯೊಳಗೆ ಮೈಕು ನಿಲ್ಲಿಸುವುದು ಹೊಸದೇನೂ ಅಲ್ಲ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ರೇಡಿಯೋ ಕೇಂದ್ರ ತೆರೆದದ್ದು ತಮ್ಮ ಮನೆ ‘ವಿಠಲ ವಿಹಾರ’ದಲ್ಲೇ. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದ ಹೊರಟು ಆಮೇಲೆ ಇಡೀ ದೇಶದ ರೇಡಿಯೋಗೆ ಅಂಟಿಕೊಂಡಿತು. ನನ್ನದು ಅಷ್ಟು ದೊಡ್ಡ ಮಾತಲ್ಲ. ನಮ್ಮ ಕಡೆಯ ನೀಲಗಾರರು ಹಾಡುವ ಮಂಟೇಸ್ವಾಮಿ ಕತೆಯನ್ನು ಅವರು ಹಾಡುವ ಹಾಗೇ, ರಾತ್ರಿಯಿಡೀ, ಅವಸರವಿಲ್ಲದೆ ಹಿಡಿದಿಡಬೇಕೆಂಬ ಆಸೆ, ಅಷ್ಟೆ. ಕತೆಯ ಮಾತು ಪುಸ್ತಕದಲ್ಲಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಹಿ.ಚಿ. ಬೋರಲಿಂಗಯ್ಯನವರ ಸಂಪಾದನೆಯಲ್ಲಿ ದಪ್ಪನೆಯ ಸಂಪುಟವನ್ನೇ ತಂದಿತು. ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ಟುಗಳು ನಮ್ಮ ಸಂತೆ, ಜಾತ್ರೆ, ಟೀ ಅಂಗಡಿಗಳಲ್ಲಿ ಸುತ್ತಿದ್ದಕ್ಕೆ ಲೆಕ್ಕವಿಲ್ಲ. ಆದರೆ ಪುಸ್ತಕದಲ್ಲಿ ಗಗ್ಗರ ಕೇಳಿಸುವುದಿಲ್ಲ. ಚಿಕ್ಕಲ್ಲೂರು ಜಾತ್ರೆಯಲ್ಲಿ ಮೊಬೈಲಿನಿಂದ ಹಿಡಿದ ವೀಡಿಯೋದಲ್ಲಿ ಗಗ್ಗರ ಬಿಟ್ಟು ಬೇರೇನೂ ಕೇಳಿಸುವುದಿಲ್ಲ.

ಎಡವಟ್ಟು ಇರುವುದು ಅಲ್ಲೇ. ಮುಂದಾಳು ಹಾಡುತ್ತಾನೆ, ತಂಬೂರಿಯನ್ನೂ ಮೀಟುತ್ತಾನೆ, ಗಗ್ಗರವನ್ನೂ ಅಲ್ಲಾಡಿಸುತ್ತಾನೆ. ಪಕ್ಕದಲ್ಲಿ ಡಕ್ಕೆ. ಹಿಂದೆ ಸೊಲ್ಲು ಹಿಡಿಯುವ ಇಬ್ಬರು ಮೂವರು. ಈಚೆಗೆ ಕೆಲವು ಮೇಳಗಳಲ್ಲಿ ಹಾರ್ಮೋನಿಯಂ ಕೂಡ. ಎಲ್ಲಕ್ಕೂ ಸೇರಿ ಒಂದೇ ಮೈಕು ಇಟ್ಟರೆ ಗಗ್ಗರದ ಲೋಹದ ಸದ್ದು ತಂಬೂರಿಯನ್ನು ನುಂಗುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಮೈಕು ಇಡಬೇಕು, ಒಂದೊಂದನ್ನೂ ಬೇರೆ ಬೇರೆ ಗೆರೆಯಲ್ಲಿ ದಾಖಲಿಸಬೇಕು. ಹಾಗಾಗಿ ಎಂಟು ಚಾನೆಲ್ಲಿನ ಮೈಕ್ ಪ್ರೀಆಂಪ್ ಒಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ತಂದೆ. ಮಾರಿದವರು ‘ವರ್ಕಿಂಗ್ ಕಂಡೀಷನ್’ ಅಂದಿದ್ದರು. ಸೆಕೆಂಡ್ ಹ್ಯಾಂಡ್ ಲೋಕದಲ್ಲಿ ಆ ಮಾತಿಗೆ ಲೈಟು ಹತ್ತುತ್ತದೆ ಎಂದಷ್ಟೇ ಅರ್ಥ.

ಪ್ರೀಆಂಪ್ ಮಾಡುವ ಕೆಲಸ ತಿಳಿದರೆ ಅದರ ಕಾಯಿಲೆಗಳೂ ತಿಳಿಯುತ್ತವೆ. ಮೈಕಿನ ಮುಂದೆ ಮನುಷ್ಯ ಬಾಯಿ ಬಿಟ್ಟು ಹಾಡಿದರೂ ಅದರಿಂದ ಹೊರಬರುವುದು ಒಂದೆರಡು ಮಿಲಿವೋಲ್ಟು, ಅಂದರೆ ವೋಲ್ಟಿನ ಸಾವಿರದಲ್ಲಿ ಒಂದೆರಡು ಪಾಲು. ಕಂಪ್ಯೂಟರಿಗೆ ಬೇಕಾದದ್ದು ಹೆಚ್ಚುಕಡಿಮೆ ಒಂದು ವೋಲ್ಟು. ನಡುವೆ ಕುಳಿತು ಅದನ್ನು ಸಾವಿರ ಪಟ್ಟು ಹಿಗ್ಗಿಸುವುದು ಪ್ರೀಆಂಪಿನ ಕೆಲಸ. ಸಾವಿರ ಪಟ್ಟನ್ನೇ ಈ ಕಸುಬಿನವರು 60 ಡೆಸಿಬೆಲ್ ಅನ್ನುತ್ತಾರೆ. ಕಿವಿಯಲ್ಲಿ ಉಸುರಿದ ಮಾತನ್ನು ತೆರಕಣಾಂಬಿ ಸಂತೆಗೆಲ್ಲ ಕೇಳುವ ಹಾಗೆ ಕೂಗಿ ಹೇಳುವ ಆಳು ಇದ್ದ ಹಾಗೆ. ಆದರೆ ಈ ಆಳಿಗೆ ವಿವೇಚನೆಯಿಲ್ಲ. ಮಾತಿನ ಜೊತೆಗೆ ಬಿದ್ದ ಕೆಮ್ಮನ್ನೂ ಸಾವಿರ ಪಟ್ಟು ಕೂಗುತ್ತಾನೆ. ಲೈನಿನಲ್ಲಿ ಎಲ್ಲೋ ಸೇರಿಕೊಂಡ ಕಣದಷ್ಟು ಕರೆಂಟು ಇಲ್ಲಿ ಬಂದು ಗುಡುಗಾಗುತ್ತದೆ. ಮನೆಯ ಟಿವಿ, ಸ್ಪೀಕರುಗಳಲ್ಲಿ ಯಾವತ್ತೂ ಕಾಣಿಸದ ತೊಂದರೆ ಮೈಕಿನ ಪೆಟ್ಟಿಗೆಯಲ್ಲಿ ಕಾಣಿಸುವುದಕ್ಕೆ ಇದೇ ಕಾರಣ.

ಮೊದಲ ರಾತ್ರಿ ಎಂಟೂ ಮೈಕು ಸಿಕ್ಕಿಸಿ ಹೆಡ್‌ಫೋನ್ ಹಾಕಿಕೊಂಡರೆ ಗುಂಯ್ ಅನ್ನುವ ಸದ್ದು. ಮೂರನೇ ಚಾನೆಲ್ಲಿನ ಗುಂಡಿ ತಿರುಗಿಸಿದರೆ ಸೌದೆ ಒಲೆಯ ಹಾಗೆ ಚಟಪಟ. ಆರನೆಯದು ಬೇರೆಲ್ಲಕ್ಕಿಂತ ಹೆಚ್ಚು ಗುಂಯ್‌ಗುಡುತ್ತಿತ್ತು. ಇವೆಲ್ಲದರ ಮೇಲೆ ಗೋಡೆ ಗಡಿಯಾರದಂಥ ಟಿಕ್, ಟಿಕ್. ನಮ್ಮ ಮನೆಯ ಆ ಕೋಣೆಯಲ್ಲಿ ಗಡಿಯಾರವೇ ಇಲ್ಲ.

ಆ ಹೊತ್ತಿಗೆ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಪೆಟ್ಟಿಗೆ ಕೆಟ್ಟಿದೆ ಎಂದು ಬೈದು, ಕಂಡ ಕಂಡ ವೈರು ಕಿತ್ತು, ಎಲ್ಲವನ್ನೂ ಒಟ್ಟಿಗೆ ಅದಲುಬದಲು ಮಾಡಿದೆ. ಹನ್ನೊಂದರ ಹೊತ್ತಿಗೆ ಯಾವುದು ಎಲ್ಲಿತ್ತೋ ನನಗೇ ಮರೆತಿತ್ತು. ಮೇಳದ ಹಿರಿಯರು, ಊರೆಲ್ಲ ತಾತ ಅನ್ನುವವರು, ಎಲೆಅಡಿಕೆ ಹಾಕಿಕೊಂಡು ಇದನ್ನೆಲ್ಲ ನೋಡುತ್ತ ಕೂತಿದ್ದರು. “ಕೊಡು ಮತ್ತ, ನಾನೂ ವಸಿ ಕೇಳ್ತೀನಿ” ಎಂದು ಹೆಡ್‌ಫೋನ್ ಇಸಿದುಕೊಂಡರು. ಕಣ್ಣು ಮುಚ್ಚಿದರು.

“ಸುರ್ತಿ ಯಾರಪ್ಪ ಹಿಡ್ದಿರದು?”

“ಯಾರೂ ಇಲ್ಲ ತಾತ, ಪೆಟ್ಟಿಗೆ ಸದ್ದು ಅದು.”

“ಸದ್ದಲ್ಲ ಕನಪ್ಪ, ಸುರ್ತಿಯೇ ಅದ. ಬಿಳಿ ಐದ್ಕಿಂತ ಒಂದ್ ಕೂದ್ಲು ಏರದ.”

ಮರುದಿನ ಹಾರ್ಮೋನಿಯಂ ತಂದು ನೋಡಿದೆ. ತಾತನ ಕಿವಿ ಸರಿ. ಕೆಳಗಿನ ಬಿಳಿ ಐದರ ಸ್ವರ ಸೆಕೆಂಡಿಗೆ 98 ಕಂಪನ. ಪೆಟ್ಟಿಗೆಯ ಗುಂಯ್ 100. ಆ ಒಂದು ಕೂದಲೇ ನನಗೆ ಸಿಕ್ಕಿದ ಮೊದಲ ಸುಳಿವು.

ಹೇಗೆಂದರೆ, ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಮೇಲೆ ಕೆಳಗೆ ಆಡುತ್ತದೆ. ವೈರಿನ ಪಕ್ಕ ವೈರು ಮಲಗಿ ಹೊರಗಿನಿಂದ ನುಸುಳಿದ ಗುಂಯ್ ಆದರೆ ಅದರ ಬುಡದಲ್ಲಿ 50ರ ಸ್ವರ ಕೇಳಬೇಕು. ಎರಡು ಸಾಮಾನುಗಳ ಅರ್ಥಿಂಗ್ ಸುತ್ತುಹಾಕಿ ಉಂಗುರವಾಗಿದ್ದರೂ ಹಾಗೇ. ಪೆಟ್ಟಿಗೆಯೊಳಗೆ ಹೋದ ಕರೆಂಟಿನ ಕತೆ ಬೇರೆ. ಅಲ್ಲಿನ ಡಯೋಡುಗಳು ಕೆಳಗಿಳಿದ ಅಲೆಯನ್ನೂ ಮಗುಚಿ ಮೇಲಕ್ಕೆ ಮಾಡುವುದರಿಂದ 50 ಇದ್ದದ್ದು 100 ಆಗುತ್ತದೆ. ಆ ಅಲೆಗಳ ನಡುವಿನ ತಗ್ಗನ್ನು ತುಂಬಲು ಒಂದು ದಪ್ಪ ಕೆಪಾಸಿಟರ್ ಇರುತ್ತದೆ. ನೀರು ಬಂದಾಗ ತುಂಬಿಕೊಂಡು, ನಿಂತಾಗ ನಲ್ಲಿಗೆ ಬಿಡುವ ನಮ್ಮ ಬೀದಿಯ ತೊಂಬೆಯ ಕೆಲಸ ಅದರದ್ದು. ತೊಂಬೆ ಒಣಗಿದರೆ ನಲ್ಲಿ ಬಿಕ್ಕಳಿಸುತ್ತದೆ. ಕೆಪಾಸಿಟರ್ ಒಣಗಿದರೆ ಪೆಟ್ಟಿಗೆ ಸೆಕೆಂಡಿಗೆ 100 ಸಲ ಬಿಕ್ಕಳಿಸುತ್ತದೆ. ಅಂದಮೇಲೆ 50 ಕೇಳಿದರೆ ಕಳ್ಳ ಹೊರಗಿನವನು, 100 ಕೇಳಿದರೆ ಮನೆಯವನೇ. ಎರಡೂ ಬೆರೆತಿರುವುದೂ ಉಂಟು, ಆದರೂ ಹುಡುಕಾಟ ಎಲ್ಲಿಂದ ಶುರು ಮಾಡಬೇಕೆಂಬುದಕ್ಕೆ ಈ ಲೆಕ್ಕ ಸಾಕು. ತಾತನಂಥ ಕಿವಿ ಇಲ್ಲದವರು ಮೊಬೈಲಿನಲ್ಲಿ ಸ್ವರ ಅಳೆಯುವ ಪುಕ್ಕಟೆ ಆ್ಯಪ್ ಇಳಿಸಿಕೊಳ್ಳಬಹುದು. ಅಮೆರಿಕದವರ ಪಾಠ ನೋಡಿ 60, 120 ಎಂದು ಹುಡುಕುತ್ತ ಕೂರಬೇಡಿ. ಅವರ ಕರೆಂಟು ಆಡುವುದೇ 60ರಲ್ಲಿ.

ನಮ್ಮ ಗುಂಯ್‌ಗೆ ಇನ್ನೊಂದು ಚಾಳಿ ಇತ್ತು. ಕೆಲವು ಹೊತ್ತು ಇರುತ್ತಿರಲಿಲ್ಲ. ಮೂರು ದಿನ ಹೊತ್ತು ಬರೆದಿಟ್ಟುಕೊಂಡ ಮೇಲೆ ಗೊತ್ತಾಯಿತು: ತ್ರೀ ಫೇಸ್ ಕೊಟ್ಟು ಸುತ್ತಲ ಹೊಲಗಳ ಮೋಟಾರುಗಳು ಶುರುವಾದ ಕೂಡಲೇ ಗುಂಯ್ ಹಾಜರು. ಮೀಟರು ಇಟ್ಟು ನೋಡಿದರೆ ಗೋಡೆಯ ಪ್ಲಗ್ಗಿನಲ್ಲಿ 230 ಇರಬೇಕಾದ ಕಡೆ 180. ಒಣಗಿದ ಕೆಪಾಸಿಟರ್ ಪೂರ್ತಿ ವೋಲ್ಟೇಜಿನಲ್ಲಿ ಹೇಗೋ ಮಾನ ಕಾಪಾಡಿಕೊಳ್ಳುತ್ತಿತ್ತು, ವೋಲ್ಟೇಜು ಇಳಿದಾಗ ಬಯಲಾಗುತ್ತಿತ್ತು. ಬೆಂಗಳೂರಿನಲ್ಲಿ ನೋಡಿದಾಗ ಪೆಟ್ಟಿಗೆ ಚೆನ್ನಾಗಿಯೇ ಇದ್ದದ್ದು ಯಾಕೆಂದು ಆಗ ಹೊಳೆಯಿತು. ಮಾರಿದವರು ಹೇಳಿದ್ದೂ ಸುಳ್ಳಲ್ಲ. ಅವರ ಬೀದಿಯಲ್ಲಿ ಬೋರ್‌ವೆಲ್ ಮೋಟಾರು ಇಲ್ಲ, ಅಷ್ಟೆ.

ಪೆಟ್ಟಿಗೆ ಬಿಚ್ಚಿದರೆ ಎರಡು ಕೆಪಾಸಿಟರುಗಳ ನೆತ್ತಿ ಉಬ್ಬಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದ ಹೊಸವನ್ನು ಹಾಕಿದೆ. ಅದೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟೇಜು, 85 ಡಿಗ್ರಿಯದರ ಬದಲು 105 ಡಿಗ್ರಿ ತಾಳುವಂಥದ್ದು. ಇವುಗಳ ಆಯಸ್ಸು ಶಾಖದ ಮೇಲೆ ನಿಂತಿದೆ; 10 ಡಿಗ್ರಿ ಬಿಸಿ ಕಡಿಮೆಯಾದರೆ ಆಯಸ್ಸು ಹೆಚ್ಚುಕಡಿಮೆ ದುಪ್ಪಟ್ಟು. ಹಾಗಾಗಿ ಪೆಟ್ಟಿಗೆಯ ಮೇಲೆ ಪುಸ್ತಕ, ಟವೆಲ್ಲು ಹೇರಬೇಡಿ. ಇನ್ನೊಂದು ಮಾತನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಪ್ಲಗ್ಗು ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಚಾರ್ಜು ಉಳಿದಿರುತ್ತದೆ, 230 ವೋಲ್ಟು ಬರುವ ಭಾಗ ಆಟಿಕೆಯಲ್ಲ. ಬೆಸುಗೆ ಹಾಕುವ ಕೈ ಪಳಗಿರದಿದ್ದರೆ ಇದನ್ನು ಬಲ್ಲವರ ಕೈಗೆ ಕೊಡಿ. ನಾನು ಇಲ್ಲಿ ಬರೆಯುತ್ತಿರುವ ಪರೀಕ್ಷೆಗಳಲ್ಲಿ ಮುಕ್ಕಾಲು ಪಾಲಿಗೆ ಪೆಟ್ಟಿಗೆ ಬಿಚ್ಚುವ ಅಗತ್ಯವೇ ಇಲ್ಲ.

ಆ ಪರೀಕ್ಷೆಗಳಲ್ಲಿ ನನಗೆ ಬಹಳ ಪ್ರೀತಿಯದು ಮೂಕ ಮೈಕು. ಮೈಕಿನ ವೈರಿನ ತುದಿಗಿರುವ ಮೂರು ಕಡ್ಡಿಯ ಪಿನ್ನನ್ನು ನಮ್ಮ ಮೈಕ್‌ಸೆಟ್ಟಿನವರು ಕ್ಯಾನನ್ ಅನ್ನುತ್ತಾರೆ. ಅದನ್ನು ಮೊದಲು ಮಾಡಿದ ಅಮೆರಿಕದ ಕಂಪನಿಯ ಹೆಸರೇ ಪಿನ್ನಿಗೆ ನಿಂತುಬಿಟ್ಟಿದೆ. ಒಂದನೇ ಕಡ್ಡಿ ಅರ್ಥ್, ಎರಡು ಮತ್ತು ಮೂರರಲ್ಲಿ ಸದ್ದು. ಖಾಲಿ ಕ್ಯಾನನ್ ಪಿನ್ನೊಂದರ ಎರಡು ಮೂರರ ನಡುವೆ 150 ಓಮಿನ ರೆಸಿಸ್ಟರ್ ಬೆಸೆದು ಮುಚ್ಚಳ ಮುಚ್ಚಿ. ಆಯಿತು ಮೂಕ ಮೈಕು. ಪ್ರೀಆಂಪಿಗೆ ಇದು ನಿಜವಾದ ಮೈಕಿನ ಹಾಗೇ ಕಾಣುತ್ತದೆ, ಆದರೆ ಇದಕ್ಕೆ ಕಿವಿಯಿಲ್ಲ, ವೈರೂ ಇಲ್ಲ. ಒಂದೊಂದೇ ಚಾನೆಲ್ಲಿಗೆ ಸಿಕ್ಕಿಸಿ, ಗುಂಡಿಗಳನ್ನೆಲ್ಲ ಒಂದೇ ಗುರುತಿಗೆ ನಿಲ್ಲಿಸಿ, ಅರ್ಧರ್ಧ ನಿಮಿಷ ರೆಕಾರ್ಡು ಮಾಡಿ. ಆಗಲೂ ಒಂದು ಸಣ್ಣ ಶ್‌ಶ್ ಇದ್ದೇ ಇರುತ್ತದೆ. ರೆಸಿಸ್ಟರಿನೊಳಗಿನ ಎಲೆಕ್ಟ್ರಾನುಗಳು ಶಾಖಕ್ಕೆ ಮಿಸುಕಾಡುವ ಸದ್ದು ಅದು. ಲೆಕ್ಕ ಹಾಕಿದರೆ ವೋಲ್ಟಿನ ಹತ್ತು ಲಕ್ಷದಲ್ಲಿ ಒಂದು ಪಾಲಿನ ಕಾಲುಭಾಗಕ್ಕಿಂತಲೂ ತುಸು ಕಡಿಮೆ. ಎಷ್ಟೇ ದುಡ್ಡು ಕೊಟ್ಟು ಕೊಂಡ ಪ್ರೀಆಂಪೂ ಇದರ ಕೆಳಗೆ ಇಳಿಯಲಾರದು. ನೀವು ನೋಡಬೇಕಾದದ್ದು ಎಂಟೂ ಒಂದೇ ಸಮ ಶ್‌ಶ್ ಅನ್ನುತ್ತವೆಯೇ ಎಂಬುದನ್ನು. ಒಂದು ಮಾತ್ರ ಜೋರಾಗಿದ್ದರೆ ಕಾಯಿಲೆ ಪೆಟ್ಟಿಗೆಯಲ್ಲಿದೆ. ಎಂಟೂ ಸಮ ಇದ್ದು, ಮೈಕು ಸಿಕ್ಕಿಸಿದಾಗ ಮಾತ್ರ ಗಲಾಟೆ ಶುರುವಾದರೆ ಪೆಟ್ಟಿಗೆಯನ್ನು ಬೈಯಬೇಡಿ. ವೈರು, ಮೈಕು, ಮನೆ, ಮನೆಯ ಸುತ್ತಮುತ್ತ, ಹೀಗೆ ಹೊರಕ್ಕೆ ನಡೆಯಿರಿ.

ಹೊರಕ್ಕೆ ನಡೆಯುವಾಗ ಇರುವುದು ಒಂದೇ ಕಟ್ಟಳೆ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನೇ ಚಾನೆಲ್ಲಿನ ಮೈಕನ್ನು ಮೂರಕ್ಕೆ ಕೊಡಿ, ವೈರು ಹಾಗೇ ಇರಲಿ. ತೊಂದರೆ ಮೈಕಿನ ಹಿಂದೆ ಬಂತೋ, ಚಾನೆಲ್ಲಿನಲ್ಲೇ ಉಳಿಯಿತೋ? ಬಂದರೆ ಮೈಕು, ಉಳಿದರೆ ಮಿಕ್ಕದ್ದು. ಆಮೇಲೆ ವೈರಿನ ಸರದಿ. ಮೈಕಿನ ತೊಂದರೆಗಳಲ್ಲಿ ಬಹುಪಾಲು ವೈರಿನವೇ, ಅದರಲ್ಲೂ ಪಿನ್ನಿನ ಬುಡದವೇ. ಚಾನೆಲ್ಲುಗಳಿಗೆ ಒಂದರಿಂದ ಎಂಟು ಎಂದು ಅಂಟು ಪಟ್ಟಿ ಹಚ್ಚಿ, ವೈರುಗಳಿಗೂ ಹಚ್ಚಿ, ನೋಟುಬುಕ್ಕಿನಲ್ಲಿ ಬರೆಯುತ್ತ ಹೋಗಿ. ನನ್ನ ನೋಟುಬುಕ್ಕು ಹಾಲಿನ ಲೆಕ್ಕದ ಪುಸ್ತಕ. ಅದರಲ್ಲಿ ‘ನಾಲ್ಕು, ಅರ್ಧ ಲೀಟರ್’ ಎಂಬುದರ ಕೆಳಗೆ ‘ನಾಲ್ಕು, ವೈರು ಸರಿ, ಮೈಕು ಅನುಮಾನ’ ಎಂದಿದೆ.

ಮೂರನೇ ಚಾನೆಲ್ಲಿನ ಚಟಪಟಕ್ಕೆ ಕಾರಣ ಗುಂಡಿಯ ಕೆಳಗಿನ ಧೂಳು. ಕಾಂಟ್ಯಾಕ್ಟ್ ಕ್ಲೀನರ್ ಒಂದು ಪಿಚಕಾರಿ ಹೊಡೆದು ಇಪ್ಪತ್ತು ಮೂವತ್ತು ಸಲ ಆಚೆ ಈಚೆ ತಿರುಗಿಸಿದೆ, ಸರಿಹೋಯಿತು.

ಆರನೆಯದು ಮಾತ್ರ ನನ್ನನ್ನು ಒಂದು ವಾರ ಸತಾಯಿಸಿತು. ಅದರ ಕತೆ ಹೇಳಲು ಫ್ಯಾಂಟಮ್ ಪವರ್ ಎಂಬ ಏರ್ಪಾಟು ತಿಳಿದಿರಬೇಕು. ಕಂಡೆನ್ಸರ್ ಮೈಕುಗಳಿಗೆ ಕರೆಂಟು ಬೇಕು. ಅದಕ್ಕೆ ಬೇರೆ ವೈರು ಎಳೆಯದೆ, ಸದ್ದು ಬರುವ ಎರಡು ಮೂರನೇ ಕಡ್ಡಿಗಳ ಮೇಲೇ 48 ವೋಲ್ಟು ಕಳಿಸುತ್ತಾರೆ. ಎರಡರ ಮೇಲೂ ಸಮನಾಗಿ ಇರುವುದರಿಂದ ಸದ್ದಿನ ಪಾಲಿಗೆ ಅದು ಇಲ್ಲದ ಹಾಗೇ. ಫ್ಯಾಂಟಮ್, ಅಂದರೆ ದೆವ್ವ, ಎಂಬ ಹೆಸರು ಅದಕ್ಕೇ. ಸರಿಯಾಗಿ 48 ಯಾಕೆ ಎಂಬುದಕ್ಕೆ ಒಂದು ಸ್ವಾರಸ್ಯದ ಉತ್ತರವಿದೆ. 1966ರಲ್ಲಿ ಜರ್ಮನಿಯ ನಾಯ್ಮನ್ ಕಂಪನಿ ನಾರ್ವೆಯ ರೇಡಿಯೋದವರಿಗೆ ಹೊಸ ಮೈಕು ತೋರಿಸಲು ಹೋದಾಗ, ಅಲ್ಲಿನ ಸ್ಟುಡಿಯೋಗಳಲ್ಲಿ ಕತ್ತಲೆಗಾಲದ ತುರ್ತು ದೀಪಕ್ಕೆಂದು 48 ವೋಲ್ಟಿನ ಲೈನು ಆಗಲೇ ಎಳೆದಿತ್ತಂತೆ. ಇರುವುದನ್ನೇ ಬಳಸೋಣ ಎಂದರು. ನಾರ್ವೆಯ ಚಳಿಗಾಲದ ಕತ್ತಲೆ ಹೀಗೆ ಮದ್ದೂರಿನ ನನ್ನ ಪೆಟ್ಟಿಗೆಯವರೆಗೆ ಬಂದಿದೆ.

ಈ 48 ವೋಲ್ಟು ಎರಡೂ ಕಡ್ಡಿಗಳಿಗೆ ಒಂದೊಂದು 6.8 ಕಿಲೋ ಓಮಿನ ರೆಸಿಸ್ಟರಿನ ಮೂಲಕ ಹೋಗುತ್ತದೆ. ಮೀಟರಿನ ಒಂದು ಮುಳ್ಳು ಒಂದನೇ ಕಡ್ಡಿಗೆ, ಇನ್ನೊಂದು ಎರಡಕ್ಕೆ, ಆಮೇಲೆ ಮೂರಕ್ಕೆ ಇಟ್ಟು ನೋಡಿದರೆ 44ರಿಂದ 52ರೊಳಗೆ ಇದ್ದರೆ ಪಾಸು. ಆರನೇ ಚಾನೆಲ್ಲಿನಲ್ಲಿ ಎರಡೂ ಕಡೆ 47.8 ಬಂತು. ಸರಿಯಾಗೇ ಇದೆಯಲ್ಲ ಎಂದು ಮುಂದೆ ಹೋದೆ. ವಾರದ ಮೇಲೆ ನನ್ನ ದಡ್ಡತನ ಗೊತ್ತಾಯಿತು. ವೋಲ್ಟೇಜು ನೋಡುವ ಮೀಟರು ಕರೆಂಟನ್ನು ಎಳೆಯುವುದೇ ಇಲ್ಲ ಅನ್ನಬೇಕು; ರೆಸಿಸ್ಟರ್ ಎಷ್ಟೇ ಹಾಳಾಗಿದ್ದರೂ ಅದರ ಮುಂದೆ ಮರ್ಯಾದಸ್ಥನ ಹಾಗೆ ನಿಲ್ಲುತ್ತದೆ. ಬರಿಗಾಡಿಗೆ ಕಟ್ಟಿ ಎತ್ತಿನ ಬಲ ನೋಡಿದ ಹಾಗಾಯಿತು ನನ್ನ ಪರೀಕ್ಷೆ. ಹೇರು ಹಾಕಬೇಕು. ಮೀಟರನ್ನು ಮಿಲಿಆಂಪಿಯರಿಗೆ ತಿರುಗಿಸಿ, ಒಂದಕ್ಕೂ ಎರಡಕ್ಕೂ ನೇರ ಸೇರಿಸಿದೆ. ದಾರಿಯಲ್ಲಿ ರೆಸಿಸ್ಟರ್ ಇರುವುದರಿಂದ ಏನೂ ಸುಡುವುದಿಲ್ಲ. 48ನ್ನು 6.8 ಕಿಲೋ ಓಮಿನಿಂದ ಭಾಗಿಸಿದರೆ 7 ಮಿಲಿಆಂಪಿಯರ್, ಬಂದದ್ದೂ 7. ಮೂರನೇ ಕಡ್ಡಿಯಲ್ಲಿ 4. ಅಂದರೆ ಆ ಕಡೆಯ ರೆಸಿಸ್ಟರ್ 12 ಕಿಲೋ ಓಮಿಗೆ ಏರಿ ಕೂತಿದೆ.

ಅದರಿಂದ ಗುಂಯ್ ಯಾಕೆ ಹೆಚ್ಚಬೇಕು? ಮೈಕಿನ ಲೈನಿನ ಜಾಣತನವೆಲ್ಲ ಎರಡು ತಂತಿಗಳ ಸಮತೂಕದಲ್ಲಿದೆ. ಹಾಡು ಎರಡು ತಂತಿಯಲ್ಲಿ ಒಂದಕ್ಕೊಂದು ಎದುರಾಗಿ ಓಡುತ್ತದೆ, ಹೊರಗಿನ ಕಸ ಎರಡರಲ್ಲೂ ಒಂದೇ ದಿಕ್ಕಿಗೆ ಓಡುತ್ತದೆ. ಪ್ರೀಆಂಪ್ ಒಂದರಿಂದ ಇನ್ನೊಂದನ್ನು ಕಳೆದರೆ ಹಾಡು ಉಳಿದು ಕಸ ಸೊನ್ನೆಯಾಗುತ್ತದೆ. ತಕ್ಕಡಿಯ ಒಂದು ತಟ್ಟೆಗೆ ಜೇಡಿಮಣ್ಣು ಮೆತ್ತಿದ್ದರೆ ಕಳೆಯುವ ಲೆಕ್ಕ ಸೊನ್ನೆಗೆ ಬರುವುದಿಲ್ಲ. ಆ ಎರಡು ರೆಸಿಸ್ಟರುಗಳು ನೂರಕ್ಕೆ ಅರ್ಧ ಪಾಲೂ ಹೆಚ್ಚುಕಡಿಮೆಯಾಗದಂತೆ ಜೋಡಿ ಇರಬೇಕೆಂಬ ನಿಯಮ ಇದಕ್ಕೇ ಇದೆ. ಒಂದು ಕೆಟ್ಟರೂ ಎರಡನ್ನೂ ಬದಲಿಸಿ. ಹತ್ತು ರೆಸಿಸ್ಟರ್ ತಂದು, ಮೀಟರಿನಲ್ಲಿ ಅಳೆದು, ಹತ್ತಿರ ಹತ್ತಿರ ಇರುವ ಎರಡನ್ನು ಆರಿಸಿ ಹಾಕಿದೆ. ಜಾತಕ ನೋಡಿದ್ದು ಸಾರ್ಥಕವಾಯಿತು.

ಗುಂಡ್ಲುಪೇಟೆಯಿಂದ ಸಹಾಯಕ್ಕೆ ಬರುತ್ತಿದ್ದ ಮೈಕ್‌ಸೆಟ್ಟಿನ ಹುಡುಗ ಈ ನಡುವೆ ಒಂದು ಸಲಹೆ ಕೊಟ್ಟ. “ಅಣ್ಣ, ಪ್ಲಗ್ಗಿನ ಮೇಲಿನ ದಪ್ಪ ಪಿನ್ನು ಕಿತ್ತಾಕ್ಬುಡಿ, ಗುಂಯ್ ನಿಂತೋಯ್ತದ. ನಾವು ಜಾತ್ರೇಲೆಲ್ಲ ಅಂಗೇ ಮಾಡದು.” ನಿಲ್ಲುತ್ತದೆ, ನಿಜ. ಅರ್ಥಿಂಗ್ ಉಂಗುರ ತುಂಡಾಗುತ್ತದಲ್ಲ. ಆದರೆ ಪೆಟ್ಟಿಗೆಯೊಳಗೆ ಒಂದು ವೈರು ಸಡಿಲಾಗಿ ಲೋಹದ ಮೈಗೆ ತಗುಲಿದ ದಿನ, ಮೈಕು ಹಿಡಿದು ತುಟಿ ಹತ್ತಿರ ತಂದವನೇ ಅರ್ಥಿಂಗ್ ಆಗುತ್ತಾನೆ. ಅವನಿಗೆ ಬೈದೆ. ಅವನು ನಕ್ಕ. ಉಂಗುರ ಮುರಿಯಲು ಸುರಕ್ಷಿತ ದಾರಿಗಳಿವೆ. ಪೆಟ್ಟಿಗೆ, ಲ್ಯಾಪ್‌ಟಾಪು, ಸ್ಪೀಕರು ಎಲ್ಲಕ್ಕೂ ಒಂದೇ ಬೋರ್ಡಿನಿಂದ ಕರೆಂಟು ಕೊಡಿ. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಗುಂಯ್ ಹೋದರೆ ಚಾರ್ಜರಿನ ದಾರಿಯಲ್ಲಿ ಉಂಗುರವಿದೆ. ಹಿತ್ತಲಿನ ಅರ್ಥಿಂಗ್ ಗುಂಡಿಗೆ ಉಪ್ಪು ಇದ್ದಲು ಹಾಕಿದ್ದು ಯಾವ ಕಾಲದಲ್ಲೋ. ಬೇಸಿಗೆಯಲ್ಲಿ ಅದಕ್ಕೆ ಎರಡು ಕೊಡ ನೀರಾದರೂ ಹುಯ್ಯಿರಿ.

ಉಳಿದದ್ದು ಟಿಕ್ ಟಿಕ್.

ಎಂಟು ಚಾನೆಲ್ಲು ಪೆಟ್ಟಿಗೆಯಿಂದ ಕಂಪ್ಯೂಟರಿಗೆ ಬರುವುದು ಬೆಳಕು ಹರಿಯುವ ಒಂದೇ ತೆಳು ಕೇಬಲಿನಲ್ಲಿ. ಸೆಕೆಂಡಿಗೆ 48,000 ಸಲ, ಎಂಟು ಮೈಕುಗಳ ಲೆಕ್ಕ ಸಾಲಾಗಿ ಓಡುತ್ತದೆ. ಕಳಿಸುವ ಪೆಟ್ಟಿಗೆ, ಇಸಿದುಕೊಳ್ಳುವ ಪೆಟ್ಟಿಗೆ ಎರಡರೊಳಗೂ ಒಂದೊಂದು ಗಡಿಯಾರ. ಎರಡೂ ತಮ್ಮದೇ ತಾಳ ಹಾಕಿದರೆ ಆಗಾಗ ಒಂದು ಲೆಕ್ಕ ತಪ್ಪಿ ಟಿಕ್ ಅನ್ನುತ್ತದೆ. ಒಂದು ಮುಂದಾಳಾಗಬೇಕು, ಇನ್ನೊಂದು ಹಿಂದೆ ಸೊಲ್ಲು ಹಿಡಿಯಬೇಕು. ನೀಲಗಾರರಿಗೆ ಇದನ್ನು ವಿವರಿಸಬೇಕಾದ್ದೇ ಇಲ್ಲ. ಕಂಪ್ಯೂಟರಿನ ಕಡೆಯ ಸೆಟ್ಟಿಂಗಿನಲ್ಲಿ ‘ಹೊರಗಿನ ಕ್ಲಾಕ್’ ಆರಿಸಿದೆ. ಅಡ್ಡಾದಿಡ್ಡಿ ಬರುತ್ತಿದ್ದ ಟಿಕ್‌ಗಳು ಮಾಯವಾದವು. ಆದರೆ ಅವುಗಳ ಅಡಿಯಲ್ಲಿ ಇನ್ನೊಂದು ಟಿಕ್ ಇತ್ತು. ನಿಮಿಷಕ್ಕೆ ಐವತ್ತರ ಆಸುಪಾಸು, ಒಂದಿಷ್ಟೂ ತಾಳ ತಪ್ಪದೆ.

ಒಂದು ರಾತ್ರಿ ಕರೆಂಟು ಹೋಯಿತು. ಯುಪಿಎಸ್ ಮೇಲೆ ಪೆಟ್ಟಿಗೆ ಓಡುತ್ತಿತ್ತು. ಗುಂಯ್‌ನ ಉಳಿಕೆಯೂ ನಿಂತು ಕಿವಿ ತಂಪಾಯಿತು. ಟಿಕ್ ಮಾತ್ರ ಹಾಗೇ ನಡೆಯುತ್ತಿತ್ತು. ಊರಿಗೆ ಊರೇ ಕತ್ತಲಾದರೂ ಬಡಿದುಕೊಳ್ಳುವ ಈ ಗುಂಡಿಗೆ ಯಾವುದು? ನೋಟುಬುಕ್ಕು ತೆಗೆದರೆ ಇನ್ನೊಂದು ಸುಳಿವು: ಹಗಲು ಟಿಕ್ ಇಲ್ಲ, ಸಂಜೆ ಆರರ ಮೇಲೆ ಇದೆ. ಮೂಕ ಮೈಕು ಸಿಕ್ಕಿಸಿದರೆ ಇಲ್ಲ, ಉದ್ದ ವೈರು ಹಾಕಿದರೆ ಇದೆ. ಕಿಟಕಿ ಕಡೆಯ ಚಾನೆಲ್ಲುಗಳಲ್ಲಿ ಜೋರು. ಕಿಟಕಿಯಾಚೆ ಹಿತ್ತಲು, ಹಿತ್ತಲಾಚೆ ಪಕ್ಕದವರ ಅರಿಶಿನದ ಹೊಲ, ಹೊಲದ ಸುತ್ತ ಸೋಲಾರ್ ಬೇಲಿ.

ಕಾಡಂಚಿನವರಿಗೆ ಸೋಲಾರ್ ಬೇಲಿ ಗೊತ್ತು. ಬಿಸಿಲಿನಿಂದ ತುಂಬಿದ 12 ವೋಲ್ಟಿನ ಬ್ಯಾಟರಿ, ಅದರಿಂದ ಕೆಲವು ಸಾವಿರ ವೋಲ್ಟಿನ ಹೊಡೆತ ತಯಾರಿಸುವ ಡಬ್ಬಿ. ಹೊಡೆತ ಕ್ಷಣದಲ್ಲಿ ಮುಗಿಯುತ್ತದೆ, ಮುಂದಿನದಕ್ಕೆ ಕನಿಷ್ಠ ಒಂದು ಸೆಕೆಂಡು ಬಿಡುವಿರಬೇಕೆಂಬುದು ನಿಯಮ. ತಗುಲಿದ ಪ್ರಾಣಿ ಕೈಕಾಲು ಬಿಡಿಸಿಕೊಂಡು ಹೋಗಬೇಕಲ್ಲ. ಸಂಜೆ ಆರಕ್ಕೆ ಅವರು ಸ್ವಿಚ್ಚು ಹಾಕುತ್ತಿದ್ದರು, ನನ್ನ ಟಿಕ್ ಶುರುವಾಗುತ್ತಿತ್ತು. ಬೇಲಿ ಸ್ವಚ್ಛವಾಗಿದ್ದರೆ ಇಷ್ಟು ತೊಂದರೆ ಕೊಡುವುದಿಲ್ಲ. ಮಳೆ ಬಿದ್ದು ಲಂಟಾನದ ಹಸಿ ಕುಡಿ ತಂತಿಗೆ ತಾಗಿತೆಂದರೆ ಅಲ್ಲಿ ಸಣ್ಣ ಕಿಡಿ ಹಾರುತ್ತದೆ, ಆ ಕಿಡಿ ಒಂದು ಪುಟ್ಟ ರೇಡಿಯೋ ಸ್ಟೇಷನ್ನಿನ ಹಾಗೆ ಸುತ್ತಲೂ ಬಿತ್ತರಿಸುತ್ತದೆ. ನನ್ನ ಮೈಕಿನ ಉದ್ದ ವೈರು ಅದಕ್ಕೆ ಸೊಗಸಾದ ಏರಿಯಲ್.

ಕಿಡಿ ಎಲ್ಲಿದೆ ಎಂದು ಹುಡುಕಲು ಹಳೆಯ ಟ್ರಾನ್ಸಿಸ್ಟರಿನಷ್ಟು ಒಳ್ಳೆಯ ಉಪಕರಣವಿಲ್ಲ. ಮೀಡಿಯಂ ವೇವಿನಲ್ಲಿ ಸ್ಟೇಷನ್ನು ಸಿಗದ ಖಾಲಿ ಜಾಗಕ್ಕೆ ತಿರುಗಿಸಿ ಬೇಲಿಯ ಪಕ್ಕ ನಡೆದರೆ, ಕಿಡಿ ಹತ್ತಿರವಾದಂತೆ ಟಿಕ್ ಜೋರಾಗುತ್ತದೆ. ರಾತ್ರಿ ಹೋಗಲಿಲ್ಲ, ಆನೆ ದಾರಿ ಅದು. ಹೊಲದ ಯಜಮಾನರು ಬೆಳಿಗ್ಗೆ ಸ್ವಲ್ಪ ಹೊತ್ತು ಬೇಲಿ ಚಾಲೂ ಇಟ್ಟು ಜೊತೆಗೇ ಬಂದರು. ಮೂರು ಕಡೆ ಲಂಟಾನ, ಒಂದು ಕಡೆ ಒಡೆದ ಇನ್ಸುಲೇಟರ್ ಸಿಕ್ಕಿತು. “ನಿಮ್ ಮೈಕ್ ದೆಸೆಯಿಂದ ನಮ್ ಬೇಲಿ ರಿಪೇರಿ ಆಯ್ತು ನೋಡಿ ಸಾ. ಈ ಪಾಟಿ ಕರೆಂಟು ಸೋರಿದ್ರ ಹಂದಿಗ ಎಲ್ಲಿ ಹೊಡ್ದದು?” ಅಂದರು. ಬೇಲಿ ಆಫ್ ಮಾಡಿ, ಕುಡಿಗಳನ್ನು ಕತ್ತಿಯಿಂದ ಸವರಿದರು. ನಾನು ಮನೆಗೆ ಬಂದು ವೈರುಗಳನ್ನು ಕಿಟಕಿ ಗೋಡೆಯಿಂದ ಎಬ್ಬಿಸಿ ಎದುರು ಗೋಡೆಗೆ ಸಾಗಿಸಿದೆ. ಆ ಸಂಜೆ ಟಿಕ್ ಕೇಳಬೇಕಾದರೆ ಉಸಿರು ಬಿಗಿಹಿಡಿಯಬೇಕಿತ್ತು.

ಕೊನೆಗೆ ಒಂದು ಸಣ್ಣ ಪರೀಕ್ಷೆ ಬಾಕಿ ಇತ್ತು. ಮೈಕುಗಳನ್ನೆಲ್ಲ ಒಂದೇ ಸಾಲಿಗೆ ನಿಲ್ಲಿಸಿ ಡಕ್ಕೆಗೆ ಒಂದೇ ಒಂದು ಪೆಟ್ಟು ಹಾಕಿಸಿ ರೆಕಾರ್ಡು ಮಾಡಿದೆ. ತೆರೆಯ ಮೇಲೆ ಎಂಟೂ ಗೆರೆಗಳು ಒಂದೇ ದಿಕ್ಕಿಗೆ ಏಳಬೇಕು. ಐದನೆಯದು ತಲೆಕೆಳಗು. ಆ ವೈರಿನಲ್ಲಿ ಯಾರೋ ಎರಡು ಮೂರನೇ ಕಡ್ಡಿಗಳನ್ನು ಅದಲುಬದಲು ಬೆಸೆದಿದ್ದರು. ಒಂಟಿಯಾಗಿ ಕೇಳಿದರೆ ಇದು ತಿಳಿಯುವುದೇ ಇಲ್ಲ. ಪಕ್ಕದ ಮೈಕಿನ ಜೊತೆ ಬೆರೆಸಿದಾಗ ಇಬ್ಬರೂ ಹಗ್ಗ ಜಗ್ಗಿದಂತಾಗಿ ದನಿಯ ತುಂಬು ಹೋಗಿಬಿಡುತ್ತದೆ. ಆ ವೈರನ್ನು ಬಿಚ್ಚಿ ಬೆಸೆದದ್ದು ಮೈಕ್‌ಸೆಟ್ಟಿನ ಹುಡುಗ. ಅರ್ಥಿಂಗ್ ವಿಷಯದಲ್ಲಿ ಏನೇ ಇರಲಿ, ಬೆಸುಗೆ ಹಾಕುವುದರಲ್ಲಿ ಅವನ ಕೈ ನನ್ನದಕ್ಕಿಂತ ಚೆನ್ನ.

ಮುಂದಿನ ಸೋಮವಾರ ಗೇಟು ಬಿದ್ದ ಮೇಲೆ ಮೇಳ ಕೂತಿತು. ಗಗ್ಗರದ ಮೈಕಿನ ಗುಂಡಿಯನ್ನು ಎಲ್ಲಕ್ಕಿಂತ ಕೆಳಗೆ ಇಳಿಸಿ, ತಂಬೂರಿಯದನ್ನು ಎಲ್ಲಕ್ಕಿಂತ ಮೇಲೆ ಏರಿಸಿದ್ದೆ. ತಾತ ಹೆಡ್‌ಫೋನ್ ಕೇಳಿ ಇಸಿದುಕೊಂಡರು. ಬಹಳ ಹೊತ್ತು ಕೇಳಿದರು.

“ಎಲ್ಲಪ್ಪ, ಸುರ್ತಿನೇ ಇಲ್ಲ?”

“ರಿಪೇರಿ ಆಯ್ತು ತಾತ.”

“ಅಯ್ಯೋ, ಇರ್ಲಿ ಬುಡು” ಎಂದು ತಂಬೂರಿಯ ಕಿವಿ ಹಿಂಡತೊಡಗಿದರು. ಮಧ್ಯೆ ಎರಡು ಸಲ ಟೀ, ಒಂದು ಸಲ ಕರೆಂಟು ಹೋದದ್ದು ಬಿಟ್ಟರೆ ಹಾಡು ನಿಲ್ಲಲಿಲ್ಲ. ಕತೆಯಲ್ಲಿ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಮನೆ ಬಾಗಿಲಿಗೆ ಬಂದು ನಿಲ್ಲುವ ಹೊತ್ತಿಗೆ ಆರಾಯಿತು, ಗೇಟು ತೆಗೆದರು. ಮೊದಲ ಲಾರಿ ಏರು ಹತ್ತಿ ಗೇರು ಬದಲಿಸಿದ್ದು ಎಂಟೂ ಗೆರೆಯಲ್ಲಿ ಬಿದ್ದಿದೆ, ರಸ್ತೆ ಕಡೆಯ ಎಂಟನೆಯದರಲ್ಲಿ ತುಸು ಜೋರಾಗಿ. ಅದನ್ನು ಕತ್ತರಿಸದೆ ಹಾಗೇ ಇಟ್ಟುಕೊಂಡಿದ್ದೇನೆ.